ದೀಪದ ಪಕ್ಕ ಕುಳಿತವಳು

ಎಲ್ಲರಿಗೂ ನಮಸ್ಕಾರ.

ಕೇರಳದ ದೇವಸ್ಥಾನಗಳಲ್ಲಿ ಬೆಳೆದ ಸಂಸ್ಕೃತ ನಾಟಕದ ಆಟ ಕೂಡಿಯಾಟ್ಟಂ. ಅದರ ರಂಗದಲ್ಲಿ ಉರಿಯುವ ದೀಪಕ್ಕೆ ಮೂರು ಬತ್ತಿ. ಎರಡು ನಟನ ಕಡೆಗೆ, ಒಂದು ಪ್ರೇಕ್ಷಕರ ಕಡೆಗೆ. ಮೊದಲ ಸಲ ಈ ಲೆಕ್ಕ ಕೇಳಿದಾಗ, ನಮಗೇನು ಒಂದೇ ಬತ್ತಿಯೇ ಎಂದುಕೊಂಡಿದ್ದೆ. ಆಟ ನೋಡಿದ ಮೇಲೆ ತಕರಾರು ಹೋಯಿತು. ಅಲ್ಲಿ ಬೆಳಕು ಬೇಕಿರುವುದು ನಟನ ಕಣ್ಣುಗಳಿಗೆ.

ನಟನ ಹಿಂದೆ ಕುಳಿತು ವಾದ್ಯದ ಕುಲದವರಾದ ನಂಬಿಯಾರರು ಮಿಳಾವು ನುಡಿಸುತ್ತಾರೆ. ಬಾಯಿಗೆ ತೊಗಲು ಬಿಗಿದ ತಾಮ್ರದ ದೊಡ್ಡ ಕೊಡ ಅದು. ಅದಕ್ಕೆ ಉಪನಯನವನ್ನೂ ಮಾಡುತ್ತಾರೆ! ಬದಿಯಲ್ಲಿ ತಾಳ ಹಿಡಿದು ಶ್ಲೋಕ ಹೇಳುತ್ತ ಕುಳಿತವಳು ನಂಗ್ಯಾರ್, ಅದೇ ಕುಲದ ಹೆಣ್ಣು. ನಮ್ಮ ಯಕ್ಷಗಾನದ ಹಾಗೆ ಗಂಡಸರೇ ಸ್ತ್ರೀವೇಷ ಕಟ್ಟುವ ರೂಢಿ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ; ಸ್ತ್ರೀಪಾತ್ರ ಅವಳ ಹಕ್ಕು. ಆದರೂ ಕಾಲ ಸರಿದಂತೆ ಅವಳ ಕೈಯಲ್ಲಿ ಹೆಚ್ಚಾಗಿ ಉಳಿದದ್ದು ತಾಳ. ಶಕ್ತಿಭದ್ರನ ‘ಆಶ್ಚರ್ಯಚೂಡಾಮಣಿ’ಯ ಅಶೋಕವನದ ಅಂಕವನ್ನೇ ನೋಡಿ: ರಾವಣ ದೀಪವನ್ನೇ ಸೀತೆಯೆಂದು ಬಗೆದು ಅಭಿನಯಿಸುತ್ತಾನೆ. ಸೀತೆಯ ವೇಷವೇ ರಂಗಕ್ಕೆ ಬರುವುದಿಲ್ಲ. ಚೆಲುವಾದ ಕಲ್ಪನೆ, ಒಪ್ಪುತ್ತೇನೆ. ಆದರೆ ಸೀತೆಗೆ ಏನನ್ನಿಸಿತು ಎಂದು ದೀಪವನ್ನು ಕೇಳಲಾದೀತೇ?

ಕೂಡಿಯಾಟ್ಟಂ ನಟಿ ಉಷಾ ನಂಗ್ಯಾರ್ ಅವರ ಕೆಲಸ ನನಗೆ ದೊಡ್ಡದಾಗಿ ಕಾಣುವುದು ಇಲ್ಲಿ. ಇರಿಂಜಾಲಕುಡದ ಗುರು ಅಮ್ಮನ್ನೂರು ಮಾಧವ ಚಾಕ್ಯಾರರ (ಚಾಕ್ಯಾರ್ ಎಂದರೆ ಈ ಆಟದ ನಟರ ಕುಲ) ಬಳಿ ಚಿಕ್ಕಂದಿನಲ್ಲೇ ಕಲಿಯಲು ಸೇರಿದವರು ಅವರು. ಯಾವ ಮಾತಿಗೆ ಯಾವ ಅಭಿನಯ ಎಂದು ವಿಧಿಸುವ ಕೈಪಿಡಿಗೆ ಆಟ್ಟಪ್ರಕಾರ ಎನ್ನುತ್ತಾರೆ. ಮಂಡೋದರಿ, ಅಹಲ್ಯೆ, ದ್ರೌಪದಿಯರಿಗೆ ಉಷಾ ಹೊಸದಾಗಿ ಅಭಿನಯ ಕಟ್ಟಿದರು, ಹಳೆಯ ವ್ಯಾಕರಣವನ್ನು ಮುರಿಯದೆ. ಪರಂಪರೆಯನ್ನು ಉಳಿಸುವುದೆಂದರೆ ಇದ್ದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಎಂದು ನಂಬಿದವರಿಗೆ ಇದು ಹಿಡಿಸಲಿಕ್ಕಿಲ್ಲ. ಅವರಿಗೊಂದು ನೆನಪು: ಪೈಂಕುಳಂ ರಾಮ ಚಾಕ್ಯಾರರು ಈ ಆಟವನ್ನು ದೇವಸ್ಥಾನದ ಹೊರಗೆ ತಂದದ್ದೂ ಕಟ್ಟಳೆ ಮೀರಿಯೇ. ಯುನೆಸ್ಕೊ ಮನ್ನಣೆ ಬಂದದ್ದು 2001ರಲ್ಲಿ.

ನಂಗ್ಯಾರ್ ಒಬ್ಬಳೇ ಆಡುವ ನಂಗ್ಯಾರ್ ಕೂತ್ತಿನ ಬೇರು ರಾಜ ಕುಲಶೇಖರನ ನಾಟಕ ‘ಸುಭದ್ರಾಧನಂಜಯ’ದಲ್ಲಿದೆ. ಎರಡನೆಯ ಅಂಕದಲ್ಲಿ ಬರುವ ಸುಭದ್ರೆಯ ಚೇಟಿ ಹಿಂದಿನ ಕಥೆಯನ್ನೆಲ್ಲ ನೆನೆಯುತ್ತಾಳೆ. ಆ ನೆನಪೇ ಹಲವು ದಿನಗಳ ಕೃಷ್ಣಚರಿತವಾಗಿ ಬೆಳೆದಿದೆ. ಕಥೆಗೆ ದಾರಿ ತೆರೆದವಳು ಒಬ್ಬ ಸೇವಕಿ ಎಂಬುದು ನನಗೆ ಬಹಳ ಇಷ್ಟ. ಅಷ್ಟೂ ಪಾತ್ರಗಳನ್ನು ಒಬ್ಬಳೇ ನಟಿ, ವೇಷ ಬದಲಿಸದೆ, ಒಂದರಿಂದ ಇನ್ನೊಂದಕ್ಕೆ ಹೊರಳುತ್ತ ಆಡುತ್ತಾಳೆ.

ಅದರಲ್ಲಿನ ಪೂತನಾಮೋಕ್ಷವನ್ನು ನೋಡಬೇಕು. ಮಗುವನ್ನು ಎತ್ತಿಕೊಂಡವಳ ಕಣ್ಣಲ್ಲಿ ಕೊಲ್ಲುವ ಸನ್ನಾಹ. ಮಗು ಬಾಯಿ ಹಚ್ಚುತ್ತಲೇ ಹಾಲೂಡಿಸುವ ತಾಯಿಯ ಸುಖ. ಮುಂದಿನ ಗಳಿಗೆಗೆ ನೋವು ಕಾಲಿನಿಂದ ಮೇಲಕ್ಕೆ ಏರುತ್ತದೆ. ಬಿಡಿಸಿಕೊಳ್ಳಲು ಎಳೆಯುತ್ತಾಳೆ, ಮಗು ಬಿಡುವುದಿಲ್ಲ. ಮಿಳಾವು ಹುಚ್ಚೆದ್ದು ಮೊಳಗುತ್ತದೆ. ನಟಿಯ ಕೈಯಲ್ಲಿ ಮಗುವಿಲ್ಲ, ಬರೀ ಗಾಳಿ. ಆದರೂ ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, ‘ಅಯ್ಯೋ, ಅವಳನ್ನು ಬಿಟ್ಟುಬಿಡು’ ಎಂದು ಕೃಷ್ಣನಿಗೇ ಹೇಳಿದರು.