ತೋಟದ ಕೋಳಿ, ಮರದ ಗಿಡುಗ, ಅರ್ಧ ಇಂಚಿನ ಜಾಲರಿ

ನಮಸ್ಕಾರ. ತಿಪಟೂರು ಕಡೆಯ ನಮ್ಮ ತೆಂಗಿನ ತೋಟಕ್ಕೆ ಮತ್ತೆ ಬನ್ನಿ. ಗೂಡಿನ ಬಾಗಿಲು ತೆಗೆದದ್ದು ನೋಡಿದಿರಿ, ಅದರಲ್ಲಿ ಹೇಳೋಕೇನಿಲ್ಲ. ಕೋಳಿಗಳೆಲ್ಲ ಸೀದಾ ತಿಪ್ಪೆಗೆ ಓಡುತ್ತವೆ. ನಾನು ಹಾಕಿದ ರಾಗಿ ನುಚ್ಚಿಗೆ ಮರ್ಯಾದೆಯೇ ಇಲ್ಲ.

ಈ ಮಡಕೆಯನ್ನು ಮಾತ್ರ ಹತ್ತಿರದಿಂದ ತೋರಿಸುತ್ತೇನೆ. ಒಳಗೆ ಸಗಣಿ, ಒಣಹುಲ್ಲು, ಗೋಣಿಚೀಲದ ಚೂರು. ನೀರು ಚಿಮುಕಿಸಿ ಸಂಜೆ ಹುತ್ತದ ಪಕ್ಕ ಬೋರಲು ಹಾಕಿದ್ದೆ. ಈಗ ಎತ್ತಿದರೆ ನೋಡಿ, ಪೂರ್ತಿ ಗೆದ್ದಲು. ಬೆಳ್ಳಗೆ ಮಿಜಿಮಿಜಿ ಅಂತಿವೆ. ಬಿಸಿಲು ಏರುವ ಮೊದಲೇ ಎತ್ತಬೇಕು, ಇಲ್ಲದಿದ್ದರೆ ಎಲ್ಲ ಮಣ್ಣಿಗೆ ಇಳಿದುಬಿಡುತ್ತವೆ. ಪಿಳ್ಳೆಗಳಿಗೆ ಇದು ಹಬ್ಬದೂಟ. ಆ ಕಪ್ಪು ಪಿಳ್ಳೆ ಮಡಕೆಯೊಳಗೇ ಇಳಿದಿದೆ, ಬಾಲ ಮಾತ್ರ ಕಾಣುತ್ತಿದೆ.

ಮೂಲೆಯಲ್ಲಿ ಬಿದ್ದಿರುವ ಜಾಲರಿ ಸುರುಳಿ ಕಾಣಿಸ್ತಾ? ಇದರ ಕಥೆ ಹೇಳದಿದ್ದರೆ ನನಗೆ ಇವತ್ತು ಊಟ ಸೇರಲ್ಲ. ನಾನು ಕೇಳಿದ್ದು ಅರ್ಧ ಇಂಚಿನ ವೆಲ್ಡ್ ಮೆಶ್. ಅಂಗಡಿಯವರಿಗೆ ಫೋನಿನಲ್ಲಿ ಹೇಳಿದೆ, ವಾಟ್ಸಾಪಿನಲ್ಲಿ ಬರೆದೂ ಕಳಿಸಿದೆ. ₹4,200 ಮೊದಲೇ ಕೊಟ್ಟೆ, ಆಟೋ ಬಾಡಿಗೆ ಬೇರೆ. ಬಂದದ್ದೇನು? ಒಂದು ಇಂಚು, ಆರು ಮೂಲೆಯ ತೆಳು ತಂತಿ. ಬೆರಳಿಂದ ಒತ್ತಿದರೆ ಬಾಗುತ್ತದೆ. ವಾಪಸ್ ತಗೊಳ್ಳಿ ಅಂದರೆ, "ಕತ್ತರಿಸಿದ ಮಾಲು ವಾಪಸ್ ಇಲ್ಲ ಮೇಡಂ." ಕತ್ತರಿಸಿದ್ದು ಯಾರು? ಅವರೇ! ಮೇಲಿಂದ ಉಪದೇಶ ಬೇರೆ: "ಕೋಳಿ ಆಚೆ ಹೋಗಲ್ಲ ಅಲ್ವಾ, ಸಾಕಲ್ವಾ?" ಸ್ವಾಮಿ, ನನ್ನ ಕೋಳಿ ಆಚೆ ಹೋಗಲಿ ಅಂತಲೇ ನಾನು ಸಾಕಿರೋದು. ರಾತ್ರಿ ಒಳಗೆ ಯಾರೂ ಬರಬಾರದು, ಜಾಲರಿ ಅದಕ್ಕೆ. ಒಂದು ಇಂಚಿನ ಸಂದಿಯಲ್ಲಿ ಇಲಿ ನುಗ್ಗುತ್ತದೆ. ಇಲಿ ವಾಸನೆ ಹಿಡಿದು ಹಾವು ಬರುತ್ತದೆ. ಕಾಡುಬೆಕ್ಕು ಹೊರಗೆ ನಿಂತುಕೊಂಡೇ ಪಂಜ ತೂರಿಸಿ, ಜಾಲರಿಗೆ ಒರಗಿ ಮಲಗಿದ ಪಿಳ್ಳೆಯ ಕಾಲು ಎಳೆಯುತ್ತದೆ. ಬೀದಿನಾಯಿಗಳು ಗುಂಪಾಗಿ ಬಂದರಂತೂ ಈ ತಂತಿ ಹಲ್ಲಿಗೇ ಕಿತ್ತು ಬರುತ್ತದೆ.

ಅದನ್ನು ಪಿಳ್ಳೆ ಅಂಗಳದ ಮೇಲೆ ಚಾವಣಿಯಂತೆ ಹೊದಿಸಿದೆ, ಮಿಕ್ಕಿದ್ದು ಇಲ್ಲಿ ಬಿದ್ದಿದೆ. ಮೇಲಿಂದ ಬರುವವರಿಗೆ ಅಷ್ಟು ಸಾಕು. ಗೂಡಿನ ಸುತ್ತ ಬೇರೆ ಕಡೆಯಿಂದ ಅರ್ಧ ಇಂಚಿನದನ್ನೇ ತರಿಸಿದೆ. ದುಡ್ಡು? ಕೇಳಬೇಡಿ. ಬುಡದಲ್ಲಿ ಎರಡು ಅಡಿ ಹೊರಗಡೆಗೆ ಮಡಚಿ ಹಾಸಿ ಮಣ್ಣು ಮುಚ್ಚಿದ್ದನ್ನು ನೋಡ್ತಿದ್ದೀರಲ್ಲ, ಅದು ಮುಂಗುಸಿಗೆ. ಅದು ಕೆರೆಯೋದು ಬೇಲಿ ಬುಡದಲ್ಲೇ. ಕೆರೆದಷ್ಟೂ ತಂತಿ ಸಿಗುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ತೋಡೋಣ ಅಂತ ಅದಕ್ಕೆ ಹೊಳೆಯಲ್ಲ, ಪುಣ್ಯ.

ಕೆಲವರು ಹೇಳ್ತಾರೆ, ವಿಷ ಇಟ್ಟುಬಿಡಿ ಅಂತ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮುಂಗುಸಿ ಕೊಲ್ಲೋದು ಅಪರಾಧ. ಅದು ಹೋಗಲಿ, ವಿಷ ಮೊದಲು ತಿನ್ನೋದು ನನ್ನ ನಾಯಿ ಮತ್ತು ನನ್ನ ಕೋಳಿ. ಅಲ್ಲದೆ ಮುಂಗುಸಿ ಇಲ್ಲದ ತೋಟದಲ್ಲಿ ಇಲಿ ಕಾಟ ಯಾರು ತಡೀತಾರೆ?

ಇನ್ನು ಹುಂಜ. ನನ್ನ ಲೆಕ್ಕದಲ್ಲಿ ಹುಂಜ ದಂಡ. ತಿನ್ನೋದು, ಕೂಗೋದು, ಜಗಳ. ಹೊಸತೊಡಕಿಗೆ ಲೆಕ್ಕ ಚುಕ್ತಾ ಮಾಡೋಣ ಅಂತಿದ್ದೆ. ಆದರೆ ಈ ತುಣುಕು ಕೇಳಿ, ಸದ್ದು ಜೋರು ಮಾಡಿದ್ದೇನೆ. ತೆಳ್ಳಗೆ, ಎಳೆದು, ಸಿಳ್ಳೆ ಥರ ಒಂದು ಕೂಗು. ಅದು ಆಕಾಶದಲ್ಲಿ ಶತ್ರು ಬಂದಾಗಿನದು. ನಾಯಿ, ಬೆಕ್ಕು ಬಂದರೆ ಬೇರೆ, ಕೊಕ್ ಕೊಕ್ ಕೊಕ್ ಅಂತ ಬಿಡದೆ ಬಡಿದುಕೊಳ್ಳುತ್ತದೆ, ಆಗ ಹ್ಯಾಟೆಗಳು ಕತ್ತೆತ್ತಿ ನಿಲ್ಲುತ್ತವೆ. ಇಲ್ಲಿ ನೋಡಿ, ಒಂದೂ ನಿಂತಿಲ್ಲ. ಎಲ್ಲ ಲಂಟಾನ ಪೊದೆಗೆ. ಬಯಲಲ್ಲಿ ಹದ್ದಿನ ಭಯ, ತೋಟದಲ್ಲಿ ಮರದ ಸಂದಿಯಿಂದ ತೂರಿ ಬರುವ ಗಿಡುಗದ ಭಯ. ಗಿಡುಗ ಬಂತು, ಕೆಳಗಿಳಿಯಿತು, ಕೆಂಪು ಹ್ಯಾಟೆ ರೆಕ್ಕೆ ಬಿಚ್ಚಿ ಅದರ ಮೇಲೆ ಎಗರಿತು! ಗಿಡುಗ ಬರಿಗಾಲಲ್ಲಿ ವಾಪಸ್. ಹುಂಜಗಳು ಇರಲಿ ಬಿಡಿ. ಕನಿಷ್ಠ ಈ ಒಂದು ಇರಲಿ.

ಗಿರಿರಾಜ ಸಾಕಬಹುದಲ್ವಾ ಅಂತ ತುಂಬಾ ಜನ ಕೇಳ್ತೀರಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ, ತೂಕ ಚೆನ್ನಾಗಿ ಬರುತ್ತದೆ, ಮೊಟ್ಟೆ ನಾಟಿಗಿಂತ ಎಷ್ಟೋ ಜಾಸ್ತಿ. ನಮ್ಮ ನಾಟಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಇಟ್ಟರೆ ಅದೇ ದೊಡ್ಡದು. ಆದರೆ ಗಿರಿರಾಜ ಕಾವಿಗೆ ಕೂರಲ್ಲ. ನಾಟಿ 21 ದಿನ ಅಲ್ಲಾಡದೆ ಕೂತು, ಮರಿ ಮಾಡಿ, ಆಮೇಲೆ ಹೀಗೆ ಗಿಡುಗದ ಎದುರು ನಿಲ್ಲುತ್ತದೆ. ಮೊಟ್ಟೆ ವ್ಯಾಪಾರಕ್ಕೆ ಗಿರಿರಾಜವೇ ಸರಿ, ಮರಿ ಮೆಷಿನ್ನಿನಲ್ಲಿ ಮಾಡಿಸಿಕೊಳ್ಳಿ. ತೋಟದಲ್ಲಿ ಬಿಟ್ಟು ಸಾಕೋಕೆ ನನಗೆ ನಾಟಿಯೇ. ಕಡಕ್‌ನಾಥ್ ತಳಿಯ ಬಗ್ಗೆ ಇವತ್ತು ಬೇಡ, ಶುರು ಮಾಡಿದರೆ ನಿಲ್ಲಿಸಲ್ಲ.

ಅಯ್ಯೋ, ಲಸಿಕೆ ಹೇಳೋದೇ ಮರೀತಿದ್ದೆ. ಎಂಟು ವಾರ ಆದವಕ್ಕೆ ನಾಳೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಲಸಿಕೆ. ಗಿಡುಗ ಒಂದು ಪಿಳ್ಳೆ ಒಯ್ದರೆ, ಈ ರೋಗ ಗೂಡನ್ನೇ ಖಾಲಿ ಮಾಡುತ್ತದೆ. ಸೀಸೆ ಒಂದರಲ್ಲಿ 100 ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳೋ ಹಾಗಿಲ್ಲ. ಅದಕ್ಕೇ ಪಕ್ಕದ ತೋಟದವರಿಗೂ ಅವರ ಕೋಳಿ ತನ್ನಿ ಅಂದಿದ್ದೇನೆ. ಐಸ್ ತುಂಬಿದ ಫ್ಲಾಸ್ಕ್ ಅವರದ್ದು, ಸೂಜಿ ನಮ್ಮದು. ಹಗಲಲ್ಲಿ ಹಿಡಿಯೋಕೆ ಹೋದರೆ ನಾವೇ ಸುಸ್ತು, ಗೂಡು ಸೇರಿದ ಮೇಲೆ ಟಾರ್ಚ್ ಹಿಡಿದು ಒಂದೊಂದೇ ಎತ್ತಿಕೊಳ್ಳೋದು. ಅದನ್ನೂ ಶೂಟ್ ಮಾಡ್ತೇನೆ, ಆದರೆ ಕ್ಯಾಮೆರಾ ಹಿಡಿಯೋಕೆ ಯಾರಾದರೂ ಸಿಗಬೇಕು.