ಮ್ಯಾಪಲ್ಲಿ ಇಲ್ಲದ ಊರಿಗೆ ಪಿನ್ ಹಾಕೋದು ಹೆಂಗೆ? | ನಮ್ಮನೆ ಆ್ಯಪ್, ತುಮರಿ ವ್ಲಾಗ್

ಹಾಂ, ಇದು ಸಾಗರ ಜಂಬಗಾರು ಸ್ಟೇಷನ್, ರಾತ್ರಿ ಟ್ರೈನಿಗೆ ಬೆಂಗಳೂರಿಂದ ಬಂದಿದ್ದು, ನಿದ್ದೆ ಎಷ್ಟಾಗಿದೆ ಅಂತ ಮುಖ ನೋಡಿದ್ರೇ ಗೊತ್ತಾಗತ್ತೆ. ಅಜ್ಜನ ವರ್ಷದ ತಿಥಿಗೆ ಊರಿಗೆ ಹೋಗ್ತಿರೋದು, ಜೊತೆಗೆ ಆ್ಯಪ್ ಕೆಲಸನೂ ಇದೆ. ಹೋದ ವಿಡಿಯೋದಲ್ಲಿ ಹೇಳಿದ್ನಲ್ಲ, ನಮ್ಮ ಮನೆತನದವ್ರನ್ನೆಲ್ಲ ಒಂದ್ಕಡೆ ಸೇರಿಸೋಕೆ ಒಂದು ಆ್ಯಪ್ ಮಾಡ್ತಿದೀನಿ ಅಂತ, ಅದೇ. ಸುಮಾರು ಜನ ಕೇಳಿದ್ರಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ಇಲ್ವಾ ನಿಮ್ಗೆ ಅಂತ. ಇದೆ ಮಾರಾಯ್ರೆ. ಬೆಳಿಗ್ಗೆ ಸೂರ್ಯ, ಗುಲಾಬಿ, ಶುಭೋದಯ. ಸಾಯಂಕಾಲ ಯಾರೋ ಫಾರ್ವರ್ಡ್ ಮಾಡಿದ ಬೆಳ್ಳುಳ್ಳಿ ಔಷಧ. ಗ್ರೂಪಲ್ಲಿ ಸಾವಿರದ ಇಪ್ಪತ್ನಾಲ್ಕು ಜನರ ತನಕ ಸೇರಿಸ್ಬೋದಂತೆ, ಆದ್ರೆ ಸೇರಿಸೋಕೆ ಮೊದ್ಲು ನಂಬರ್ ಬೇಕಲ್ಲ. ನಮ್ಮದು ಆ ನಂಬರೇ ಇಲ್ಲದಿರೋ ಕೇಸು.

ಬಸ್ಸು ಸಿಕ್ತು. ಕಿಟಕಿ ಸೀಟು. ಹಿಂದ್ಗಡೆ ಕೂಗ್ತಿರೋದು ಬೇರೆಯವ್ರ ಕೋಳಿ, ನಂದಲ್ಲ.

ಇದು ಹೊಳೆಬಾಗಿಲು, ಶರಾವತಿ ಹಿನ್ನೀರಿನ ದಡ, ದಾಟಿದ್ರೆ ತುಮರಿ ಕಡೆ. ಇಲ್ಲಿ ಮೊದ್ಲು ನೀರು ದಾಟೋಕೆ ಲಾಂಚ್ ಇತ್ತು, ಈಗ ಸೇತುವೆ, 2025ರ ಜುಲೈ 14ಕ್ಕೆ ಉದ್ಘಾಟನೆ ಆಗಿದ್ದು. ನೋಡಿ ಎಷ್ಟುದ್ದ ಇದೆ, ಎರಡು ಕಿಲೋಮೀಟರಿಗೂ ಜಾಸ್ತಿ, ಬಸ್ಸಲ್ಲಿ ಕೂತವ್ರು ಈಗ್ಲೂ ಮೊಬೈಲ್ ಎತ್ಕೊಂಡು ವಿಡಿಯೋ ಮಾಡ್ತಾರೆ, ನಾನೂ ಅದೇ ಮಾಡ್ತಿದೀನಿ ಅಷ್ಟೆ. ಲಾಂಚ್ ಇದ್ದಾಗ ಸಂಜೆ ಕಡೇ ಟ್ರಿಪ್ ತಪ್ಪಿದ್ರೆ ಕಥೆ ಮುಗೀತು, ಅಜ್ಜಿ ಮನೆ ಕಣ್ಣಿಗೆ ಕಾಣೋ ದಡದಲ್ಲಿದ್ರೂ ಹೋಗೋಕಾಗಲ್ಲ. ಲಾಂಚೇ ಚಂದ ಇತ್ತು ಅಂತ ಕೆಲವ್ರು ಹೇಳ್ತಾರೆ, ರೀಲ್ಸಿಗೆ ಚಂದ ಇತ್ತು, ಹೌದು, ಹೆರಿಗೆ ನೋವು ಬಂದವ್ರನ್ನ ಕೇಳಿ ನೋಡಿ ಚಂದ ಇತ್ತಾ ಅಂತ.

ಈ ಕೆಳಗೆ ಕಾಣ್ತಿರೋ ನೀರು, ಇದೇ ವಿಷಯ. ಲಿಂಗನಮಕ್ಕಿ ಡ್ಯಾಂ 1964ರದ್ದು. ಅದಕ್ಕಿಂತ ಮೊದ್ಲು ಮಡೆನೂರಲ್ಲಿ ಒಂದು ಡ್ಯಾಂ ಇತ್ತು, ಅದೂ ಈಗ ಇದೇ ನೀರೊಳಗೆ. ಅಜ್ಜನ ಊರು, ಮನೆ, ಅಡಿಕೆ ತೋಟ ಎಲ್ಲಾ ಇದರ ತಳದಲ್ಲಿ. ಅಜ್ಜ ದೂರ ಹೋಗ್ದೆ ಇಲ್ಲೇ ಮೇಲ್ಗಡೆ ಗುಡ್ಡಕ್ಕೆ ಹತ್ತಿ ಮನೆ ಕಟ್ಕೊಂಡ್ರು, ಅಜ್ಜನ ಅಣ್ಣನ ಮನೆಯವ್ರು ಲಾರೀಲಿ ಸಾಮಾನು ಹೇರ್ಕೊಂಡು ಶಿವಮೊಗ್ಗದ ಕಡೆ ಹೋದ್ರು, ಇನ್ನೊಬ್ರು ಎಲ್ಲಿಗೆ ಹೋದ್ರು ಅಂತನೇ ಸರಿಯಾಗಿ ಗೊತ್ತಿಲ್ಲ. ಜಗಳ ಆಗಿ ದೂರ ಆದವ್ರಲ್ಲ ಯಾರೂ. ನೀರು ಬಂತು, ಹೋದ್ರು. ಮುಳುಗಡೆಯವ್ರ ಜಮೀನು ಹಕ್ಕಿನ ಗಲಾಟೆ ಇವತ್ತಿಗೂ ಮುಗಿದಿಲ್ಲ, ಅದರ ಬಗ್ಗೆ ಮಾತಾಡಿದ್ರೆ ಈ ವಿಡಿಯೋ ಮುಗಿಯಲ್ಲ.

ಸರಿ, ಆ್ಯಪಿಗೆ ಬರೋಣ, ಸೇತುವೆ ಮುಗೀತಾ ಬಂತು. ನೀವು ಯಾವ ಫ್ಯಾಮಿಲಿ ಆ್ಯಪ್ ಬೇಕಾದ್ರೂ ಓಪನ್ ಮಾಡಿ, ಮೊದ್ಲು ಏನು ಕೇಳತ್ತೆ? ಕಾಂಟ್ಯಾಕ್ಟ್ಸ್ ಪರ್ಮಿಷನ್. ಅಂದ್ರೆ ನಿಮ್ಮ ಹತ್ರ ನಂಬರ್ ಇರೋವ್ರನ್ನ ನಿಮ್ಗೆ ಹುಡುಕಿ ಕೊಡತ್ತೆ, ಏನು ಉಪಕಾರ! ನಮ್ಗೆ ಬೇಕಾಗಿದ್ದು ಊರ ಹೆಸರಿಂದ ಹುಡುಕೋದು. ಮುಳುಗಡೆಯವ್ರು ಇಬ್ರು ಸಿಕ್ಕಿದ್ರೆ ಈಗ ಎಲ್ಲಿದೀರಿ ಅಂತ ಆಮೇಲೆ ಕೇಳೋದು, ಮೊದ್ಲು ಮೂಲ ಯಾವೂರು, ಆಮೇಲೆ ಯಾರ ಮನೆ. ಅದಕ್ಕೇ ನನ್ನ ಫಾರ್ಮಲ್ಲಿ ಮೊದ್ಲ ಪ್ರಶ್ನೆ ಅದೇ ಇಟ್ಟೆ. ಮ್ಯಾಪಲ್ಲಿ ಜಾಗ ಆರಿಸೋಕೆ ರೆಡಿಮೇಡ್ ಸಿಗೋ ಪಿಕರ್ ಹಾಕಿದ್ರೆ, ಮುಳುಗಿದ ಊರ ಹೆಸರು ಹೊಡೆದ್ರೆ ಬರಲ್ಲ, ಎಲ್ಲಿಂದ ಬರಬೇಕು ಪಾಪ, ಕೈಯಲ್ಲಿ ಪಿನ್ ಎಳೆದು ಇಟ್ರೆ ನಡು ನೀರಲ್ಲಿ ನಿಲ್ಲತ್ತೆ, ಅದಕ್ಕೆ ಸಿಸ್ಟಮ್ ಕೇಳೋದು ಹತ್ತಿರದ ರಸ್ತೆ ಆಯ್ಕೆ ಮಾಡಿ ಅಂತ. ಪಿಕರ್ ತೆಗೆದು ಬಿಸಾಕಿ ಬರೀ ಟೈಪ್ ಮಾಡೋ ಬಾಕ್ಸ್ ಇಟ್ಟೆ. ಅಲ್ಲೂ ತಲೆನೋವು, ಒಬ್ರು ಕನ್ನಡದಲ್ಲಿ ಬರೀತಾರೆ, ಒಬ್ರು ಇಂಗ್ಲಿಷಲ್ಲಿ, ಒಬ್ರು ಕೊನೇಲಿ ‘ಕೊಪ್ಪ’ ಸೇರಿಸ್ತಾರೆ ಒಬ್ರು ಬಿಡ್ತಾರೆ. ಅದಕ್ಕೆ ಒಂದೇ ಥರ ಕೇಳೋ ಹೆಸರುಗಳನ್ನ ಆ್ಯಪ್ ಪಕ್ಕಪಕ್ಕ ತೋರಿಸತ್ತೆ ಅಷ್ಟೆ, ತಾನಾಗೇ ಜೋಡಿಸಲ್ಲ.

ಜೋಡಿಸೋದು ಯಾರು? ಅಜ್ಜಿ. ಅಜ್ಜಿ ಹತ್ರ ಸ್ಮಾರ್ಟ್‌ಫೋನ್ ಇಲ್ಲ, ಬಟನ್ ಫೋನು. ತುಂಬಾ ಜನ ಹೇಳಿದ್ರು ವಯಸ್ಸಾದವ್ರಿಗೆ ದೊಡ್ಡ ಬಟನ್ ಇಡು, ದೊಡ್ಡ ಅಕ್ಷರ ಇಡು ಅಂತ. ಯಾಕೆ? ಅಜ್ಜಿ ಎರಡನೇ ರಿಂಗಿಗೆ ಫೋನ್ ಎತ್ತತಾರೆ. ಫೋನ್ ಮಾಡದೆ ಇರೋದು ನಾವು. ಹಂಗಾಗಿ ಆ್ಯಪ್ ನಮ್ಗೆ, ಅಜ್ಜಿಗಲ್ಲ. ಯಾರಾದ್ರೂ ಹೊಸಬ್ರು ಅದೇ ಊರು ಅಂತ ಹಾಕಿದ್ರೆ ಆ್ಯಪ್ ಅವ್ರಿಗೊಂದು ಪ್ರಶ್ನೆ ಕಳಿಸತ್ತೆ, ಆ ಪ್ರಶ್ನೆ ಅಜ್ಜಿ ಹೇಳಿಕೊಟ್ಟಿದ್ದು, ಮನೆ ಹಿಂದೆ ಬಚ್ಚಲು ಪಕ್ಕ ಇದ್ದ ಮರ ಯಾವುದು. ಶಿವಮೊಗ್ಗದ ಕಡೆಯ ದೊಡ್ಡಜ್ಜನ ಮೊಮ್ಮಗಳು, ಅಂದ್ರೆ ನಂಗೆ ತಂಗಿ ಆಗಬೇಕು, ಅವಳಿಗೆ ಹೆಂಗೆ ಗೊತ್ತಿರತ್ತೆ ಹೇಳಿ, ಅವಳು ಹುಟ್ಟೋ ಹೊತ್ತಿಗೆ ಆ ಮರದ ಮೇಲೆ ಮೀನು ಓಡಾಡ್ತಿದ್ವು. ಅವಳು ಅವಳಪ್ಪನ್ನ ಕೇಳಬೇಕಾಯ್ತು, ಅವ್ರು ಅವ್ರ ಅಕ್ಕಂಗೆ ಫೋನ್ ಮಾಡಬೇಕಾಯ್ತು, ಆ ಅಕ್ಕನ ಜೊತೆ ಅವ್ರು ಮಾತು ಬಿಟ್ಟು ಬಹಳ ಕಾಲ ಆಗಿತ್ತಂತೆ. ಮುರುಗಲ ಮರ ಅಂತ ಉತ್ತರ ಬಂತು. ಅಜ್ಜಿ ಆ ಕಡೆಯಿಂದ ‘ಅಡ್ಡ ಕೊಂಬೆ ಇತ್ತಲ್ಲ, ಕೇಳು’ ಅಂದ್ರು. ನಂಗೆ ಇಷ್ಟೇ ಬೇಕಿತ್ತು. ಎಲ್ಲಾ ಉತ್ತರ ಆ್ಯಪಲ್ಲೇ ಸಿಕ್ಕಿಬಿಟ್ರೆ ಯಾರೂ ಯಾರಿಗೂ ಫೋನ್ ಮಾಡಲ್ಲ, ಹಂಗಾಗಿ ಇದು ಅರ್ಧಂಬರ್ಧ ಇರೋದೇ ಸರಿ. ಡಿಸೈನ್ ಮಾಡೋ ನನ್ನ ಫ್ರೆಂಡ್ ಒಬ್ಬ ಒಪ್ಪಲ್ಲ, ಜನ ಆ್ಯಪ್ ಒಳಗೆ ಜಾಸ್ತಿ ಹೊತ್ತು ಇರಬೇಕು ಅಂತಾನೆ. ಇರಲಿ, ಅವನ ಮನೆಯವ್ರೆಲ್ಲಾ ಒಂದೇ ಅಪಾರ್ಟ್‌ಮೆಂಟಲ್ಲಿ ಇದಾರೆ.

ಇಲ್ಲಿ ಮಳೆ ಶುರುವಾಯ್ತು, ಲೆನ್ಸ್ ಮೇಲೆ ಹನಿ, ಸಾರಿ.

ಈಗ ದುಡ್ಡಿನ ಕಥೆ ಮತ್ತೆ ಹನ್ನೆರಡು ಜನರ ಕಥೆ. ಪ್ಲೇ ಸ್ಟೋರಲ್ಲಿ ಡೆವಲಪರ್ ಅಕೌಂಟಿಗೆ 25 ಡಾಲರ್, ಒಂದೇ ಸಲ ಕಟ್ಟೋದು, ಪರವಾಗಿಲ್ಲ. ಐಫೋನಿಗೆ ವರ್ಷಕ್ಕೆ 99 ಡಾಲರ್. ಪ್ರತೀ ವರ್ಷ! ಐಫೋನ್ ಇರೋದು ನಮ್ಮನೇಲಿ ನ್ಯೂಜೆರ್ಸಿ ಅಣ್ಣಂಗೆ ಒಬ್ನಿಗೆ, ಅವನೊಬ್ನಿಗೋಸ್ಕರ ವರ್ಷ ವರ್ಷ ಕಟ್ಟಲ್ಲ ನಾನು, ಬ್ರೌಸರಲ್ಲಿ ನೋಡ್ಕೋ ಅಂದೆ, ಕೋಪ ಮಾಡ್ಕೊಂಡಿದಾನೆ. ಪ್ಲೇ ಸ್ಟೋರಿಗೆ ಬಂದ್ರೆ, 2023ರ ನವೆಂಬರ್ 13ರ ನಂತರ ಪರ್ಸನಲ್ ಅಕೌಂಟ್ ಮಾಡಿದವ್ರು ಆ್ಯಪನ್ನ ಎಲ್ರಿಗೂ ಬಿಡೋಕೆ ಮುಂಚೆ ಹನ್ನೆರಡು ಜನ ಟೆಸ್ಟರ್ಸ್ ತೋರಿಸಬೇಕು, 14 ದಿನ ಒಂದೇ ಸಮ, ಯಾರೂ ಬಿಟ್ಟು ಹೋಗಬಾರದು. ಮೊದ್ಲು ಇಪ್ಪತ್ತು ಜನ ಇತ್ತು, ಆಮೇಲೆ ಹನ್ನೆರಡಕ್ಕೆ ಇಳಿಸಿದ್ರು. ಹನ್ನೆರಡು ಜನ ಏನು ಮಹಾ, ನಮ್ಮನೇಲಿ ಒಂದು ಪಂಕ್ತಿಗೂ ಸಾಲಲ್ಲ ಅನ್ಕೊಂಡ್ರಾ? ಕೇಳಿ.

ಮೊದ್ಲು ಎಲ್ರ ಜಿಮೇಲ್ ಐಡಿ ಬೇಕು. ಚಿಕ್ಕಪ್ಪಂಗೆ ಕೇಳಿದ್ರೆ ‘ಜಿಮೇಲಾ, ಅದು ಸಾಗರದಲ್ಲಿ ಮೊಬೈಲ್ ಅಂಗಡಿ ಹುಡುಗ ಹಾಕಿಕೊಟ್ಟಿದ್ದು’ ಅಂದ್ರು. ಯಾವ ಐಡಿ? ‘ಅವನಿಗೇ ಗೊತ್ತು.’ ಫೋನ್ ಇಸ್ಕೊಂಡು ನೋಡಿದ್ರೆ ಚಿಕ್ಕಪ್ಪನ ಹೆಸರು, ಹಿಂದೆ ಅಂಗಡಿ ಹೆಸರು, ಅದರ ಹಿಂದೆ ಆರು ನಂಬರ್ರು. ಸರಿ ಅದನ್ನೇ ಹಾಕಿದೆ. ಲಿಂಕ್ ಕಳಿಸಿದೆ, ಒತ್ತಿದ್ರು, ಆ್ಯಪ್ ಸಿಗ್ತಿಲ್ಲ ಅಂತ ಬಂತು. ಯಾಕಂದ್ರೆ ಫೋನಲ್ಲಿ ಎರಡು ಅಕೌಂಟ್, ಬ್ರೌಸರಲ್ಲಿ ಒಂದು ಲಾಗಿನ್ ಆಗಿದೆ, ಪ್ಲೇ ಸ್ಟೋರಲ್ಲಿ ಮಗನ ಅಕೌಂಟು, ಅವನು ಯಾವಾಗ್ಲೋ ಗೇಮ್ ಆಡೋಕೆ ಹಾಕಿದ್ದು. ಇದನ್ನ ಫೋನಲ್ಲಿ ವಿವರಿಸಬೇಕು, ಅದೂ ಮಳೆಗಾಲದಲ್ಲಿ, ನೆಟ್‌ವರ್ಕ್ ಬೇಕಂದ್ರೆ ಅವ್ರು ತೋಟದ ಮೇಲಿನ ದರೆ ಹತ್ತಬೇಕು, ಅಲ್ಲಿ ಇಂಬಳ, ಅಂದ್ರೆ ಜಿಗಣೆ. ‘ಮೇಲೆ ಬಲಗಡೆ ರೌಂಡ್ ಒತ್ತಿ ಚಿಕ್ಕಪ್ಪ.’ ‘ಯಾವ ರೌಂಡು?’ ‘ನಿಮ್ಮ ಹೆಸರಿನ ಮೊದಲ ಅಕ್ಷರ ಇರತ್ತಲ್ಲ.’ ‘ಇಲ್ಲಿ ಯಾವುದೋ ಹುಲಿ ಚಿತ್ರ ಇದೆ.’ ಅದು ಮಗಂದು. ಈ ಭಾಗದವ್ರು ನೆಟ್‌ವರ್ಕ್ ಕೊಡದಿದ್ರೆ ವೋಟ್ ಹಾಕಲ್ಲ ಅಂತ ಅಭಿಯಾನನೇ ಮಾಡಿದ್ರು ಹಿಂದೊಮ್ಮೆ, ಯಾಕೆ ಅಂತ ಆವತ್ತು ದರೆ ಮೇಲಿಂದ ಗೊತ್ತಾಯ್ತು.

ಅಂತೂ ಹನ್ನೆರಡು ಜನ ಆದ್ರು, ದಿನ ಲೆಕ್ಕ ಶುರುವಾಯ್ತು, ಎಲ್ಲಾ ಆರಾಮಾಗಿ ಹೋಗ್ತಿತ್ತು. ಇನ್ನೇನು ಮುಗೀತು ಅನ್ನೋವಾಗ ಮಾವನ ಫೋನಲ್ಲಿ ಜಾಗ ಫುಲ್. ಗುಲಾಬಿ, ಸೂರ್ಯ, ಶುಭೋದಯ, ಗೊತ್ತಲ್ಲ. ಮಾವ ಶಿಸ್ತಿನ ಮನುಷ್ಯ, ರಿಟೈರ್ಡ್ ಮೇಷ್ಟ್ರು, ಫೋಟೋ ಒಂದನ್ನೂ ಅಳಿಸಲ್ಲ, ‘ಯಾರೋ ಪ್ರೀತಿಯಿಂದ ಕಳ್ಸಿದ್ದು’ ಅಂತಾರೆ, ಬದ್ಲಿಗೆ ನನ್ನ ಆ್ಯಪ್ ತೆಗೆದ್ರು. ತೆಗೆದು ಸುಮ್ನಿದ್ರೆ ಪರವಾಗಿರ್ಲಿಲ್ಲ, ಪ್ಲೇ ಸ್ಟೋರಲ್ಲಿ ಟೆಸ್ಟಿಂಗ್ ಬಿಡಿ ಅನ್ನೋ ಬಟನ್ ಕೂಡ ಓದಿ ಒತ್ತಿದ್ರು, ಮೇಷ್ಟ್ರಲ್ವಾ, ಪೂರ್ತಿ ಓದ್ತಾರೆ. ಹನ್ನೊಂದು. ಮತ್ತೆ ಮೊದಲಿಂದ. ಆವತ್ತು ನಾನು ಈ ರೂಲ್ ಮಾಡಿದವ್ರನ್ನ ಬೈದಿದ್ದು ಬೈದಿದ್ದೇ. ಆಮೇಲೆ ಯೋಚನೆ ಮಾಡಿದ್ರೆ ರೂಲ್ ಸರಿಯಾಗೇ ಇದೆ, ಮಾವನ ಫೋನಲ್ಲಿ ಉಳೀದೇ ಇರೋ ಆ್ಯಪು ಯಾರ ಫೋನಲ್ಲೂ ಉಳಿಯಲ್ಲ. ಸೈಜ್ ಇಳಿಸಿದೆ, ಫೋಟೋ ಅಪ್‌ಲೋಡ್ ಫೀಚರ್ ಪೂರ್ತಿ ತೆಗೆದೆ. ನೀವ್ಯಾರಾದ್ರೂ ಮಾಡೋದಾದ್ರೆ ಹನ್ನೆರಡಕ್ಕೆ ನಿಲ್ಲಿಸಬೇಡಿ, ನಾಲ್ಕೈದು ಜನ ಎಕ್ಸ್‌ಟ್ರಾ ಇಟ್ಕೊಳ್ಳಿ, ಒಬ್ರು ಮಾವ ಎಲ್ಲಾ ಮನೇಲೂ ಇರ್ತಾರೆ.

ಇದು ಅಜ್ಜಿ ಮನೆ ಜಗಲಿ. ಅಜ್ಜಿ ಕ್ಯಾಮೆರಾ ಮುಂದೆ ಬರಲ್ಲ, ಕೈ ಮಾತ್ರ ಕಾಣ್ತಿದೆ, ಎಲೆ ಒರೆಸ್ತಿದಾರೆ.

ತಿಥಿ ಅಂದ ಕೂಡ್ಲೇ ನೆನಪಾಯ್ತು, ಕ್ಯಾಲೆಂಡರ್. ಹುಟ್ಟಿದಹಬ್ಬಕ್ಕೆ ತಾರೀಕು ಸಾಕು, ವರ್ಷಾಂತಿಕಕ್ಕೆ ಸಾಲಲ್ಲ. ಚಾಂದ್ರಮಾನ ವರ್ಷ 354 ದಿನ, ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬೀಳತ್ತೆ, ಅದನ್ನ ಸರಿ ಮಾಡೋಕೆ ಅಧಿಕ ಮಾಸ, ಈ ವರ್ಷ 2026ರಲ್ಲಿ ಅಧಿಕ ಜ್ಯೇಷ್ಠ ಬಂತು, ಮೇ 17ರಿಂದ ಜೂನ್ 15. ಅಂದ್ರೆ ಜ್ಯೇಷ್ಠ ಎರಡು ಸಲ, ಮೊದ್ಲು ಅಧಿಕ, ಆಮೇಲೆ ನಿಜ. ಅಜ್ಜಂದು ಜ್ಯೇಷ್ಠ ಬಹುಳ. ಆ್ಯಪು ಎರಡೆರಡು ಸಲ ರಿಮೈಂಡರ್ ಕಳಿಸಿತು, ದುಬೈಯಲ್ಲಿರೋ ಅತ್ತೆ ಮಗ ಮೊದಲ್ನೇದಕ್ಕೇ ಟಿಕೆಟ್ ನೋಡೋಕೆ ಶುರು ಮಾಡಿದ್ದ. ಭಟ್ರನ್ನ ಕೇಳಿದ್ರೆ ನಿಜ ಮಾಸದಲ್ಲೇ ಅಂದ್ರು. ಈಗ ಅಲ್ಲಿ ಆ್ಯಪ್ ತಾನಾಗಿ ತೀರ್ಮಾನ ಮಾಡಲ್ಲ, ‘ಮನೆಗೆ ಫೋನ್ ಮಾಡಿ ಕೇಳಿ’ ಅಂತ ಒಂದು ಬಟನ್, ಅಷ್ಟೆ. ನ್ಯೂಜೆರ್ಸಿ ಅಣ್ಣನ ಗೋಳು ಬೇರೆ, ಇಲ್ಲಿ ತಿಥಿ ಇರೋ ಹೊತ್ತಿಗೆ ಅಲ್ಲಿ ಹಿಂದಿನ ದಿನ ನಡೀತಿರ್ಬೋದು, ಮೇಲಿಂದ ಅವ್ರು ಮಾರ್ಚಲ್ಲಿ ಒಂದು ಗಂಟೆ ಮುಂದೆ ತಿರುಗಿಸಿ ನವೆಂಬರಲ್ಲಿ ಹಿಂದೆ ತಿರುಗಿಸ್ತಾರೆ, ಅಜ್ಜಿ ಗಡಿಯಾರ ಯಾವತ್ತೂ ತಿರುಗಲ್ಲ. ಹಂಗಾಗಿ ಸ್ಕ್ರೀನಲ್ಲಿ ದೊಡ್ಡದಾಗಿ ಒಂದೇ ಟೈಮ್ ತೋರಿಸ್ತೀನಿ, ಅಜ್ಜಿ ಮನೆ ಟೈಮು. ಅಲ್ಲೆಷ್ಟು ಅಂತ ಅವನೇ ಲೆಕ್ಕ ಹಾಕ್ಲಿ, ಇಂಜಿನಿಯರ್ ತಾನೆ.

ಇನ್ನೊಂದು ಬೇಗ ಹೇಳ್ತೀನಿ. ಬಟನ್ ಮೇಲೆ ‘ಜ್ಯೇಷ್ಠ’, ‘ಶ್ರಾದ್ಧ’ ಅಂತ ಬರೆದ್ರೆ ಒತ್ತಕ್ಷರದ ಬುಡ ಕತ್ತರಿಸಿ ಹೋಗತ್ತೆ, ಟೆಂಪ್ಲೇಟಿನ ಎತ್ತರ ಎಲ್ಲಾ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿಟ್ಟಿರೋದು. ಲೈನ್ ಹೈಟ್ ಜಾಸ್ತಿ ಮಾಡಿ, ಫಾಂಟ್ ನೋಟೋ ಸಾನ್ಸ್ ಕನ್ನಡ ಹಾಕಿದೀನಿ, ಈಗ ಪೂರ್ತಿ ಕಾಣತ್ತೆ. ಆ ಫಾಂಟ್ ಚಂದ ಇಲ್ಲ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ, ಈಗ ಪರವಾಗಿಲ್ಲ ಅನ್ಸತ್ತೆ.

ಆ ಇನ್ನೊಬ್ರ ಮನೆಯವ್ರು, ಎಲ್ಲಿಗೆ ಹೋದ್ರು ಗೊತ್ತಿಲ್ಲ ಅಂದ್ನಲ್ಲ, ಅವ್ರು ಇನ್ನೂ ಸಿಕ್ಕಿಲ್ಲ. ಕರೂರು, ಬಾರಂಗಿ ಹೋಬಳಿ ಕಡೆಯಿಂದ ಎದ್ದು ಹೋದವ್ರ ಮನೆಯವ್ರು ನೋಡ್ತಿದ್ರೆ ನಿಮ್ಮ ಹಳೇ ಊರ ಹೆಸರಷ್ಟೇ ಬರೀರಿ, ಫೋನ್ ನಂಬರ್ ಹಾಕಬೇಡಿ, ಪ್ರಶ್ನೆ ಆಮೇಲೆ ಕಳಿಸ್ತೀನಿ. ಭಟ್ರ ಬೈಕ್ ಸೌಂಡ್ ಬಂತು, ಚಿಕ್ಕಪ್ಪ ಕರೀತಿದಾರೆ, ನಾನಿನ್ನೂ ಸ್ನಾನನೇ ಮಾಡಿಲ್ಲ.