ಒಂದು ಕುಡಿಕೆ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ವುಡ್‌ಲಾನ್ ಅಂತ ಒಂದು ದೊಡ್ಡ ಸ್ಮಶಾನ ಇದೆ. ಮರ, ಹುಲ್ಲು, ಕಲ್ಲಿನ ಮನೆಗಳಂಥ ಸಮಾಧಿಗಳು. ಅದರಲ್ಲಿ ಒಂದು ಯೆಹೂದಿ ಮನೆತನದ್ದು, ಸ್ಟ್ರೌಸ್ ಮನೆತನ. ಆ ಸಮಾಧಿಯ ಅಂಗಳದಲ್ಲಿ ಹಳೇ ಈಜಿಪ್ಟಿನ ದೋಣಿಯ ಆಕಾರದ ಒಂದು ಕಲ್ಲು. ಗಂಡನ ದೇಹ ಅಲ್ಲಿದೆ. ಹೆಂಡತಿಯ ದೇಹ ಇಲ್ಲ. ಅವರ ಬದಲಿಗೆ ಮನೆಯವರು ಇಟ್ಟಿದ್ದು ಒಂದು ಕುಡಿಕೆ ನೀರು. ಅಟ್ಲಾಂಟಿಕ್ ಸಾಗರದಲ್ಲಿ ಟೈಟಾನಿಕ್ ಹಡಗು ಮುಳುಗಿದ ಜಾಗದಿಂದ ತಂದ ನೀರು ಅದು ಅಂತ ಹೇಳುತ್ತಾರೆ.

ಇಸಿಡೋರ್ ಮತ್ತು ಐಡಾ ಸ್ಟ್ರೌಸ್. ಇವತ್ತು ಈ ಗಂಡ ಹೆಂಡತಿಯ ಬಗ್ಗೆ ಮಾತಾಡೋಣ. ಅವರು ಹೇಗೆ ಸತ್ತರು ಅನ್ನೋದು ತುಂಬ ಜನಕ್ಕೆ ಗೊತ್ತು. ಸತ್ತ ಮೇಲೆ ಉಳಿದವರು ಅವರನ್ನು ಹೇಗೆ ನೆನೆದರು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ನನಗೆ ಅದೇ ಜಾಸ್ತಿ ಕುತೂಹಲ.

ಇಬ್ಬರೂ ಹುಟ್ಟಿದ್ದು ಈಗಿನ ಜರ್ಮನಿಯಲ್ಲಿ. ಇಸಿಡೋರ್ ಒಟರ್‌ಬರ್ಗ್ ಅನ್ನುವ ಊರಲ್ಲಿ, 1845ರ ಫೆಬ್ರವರಿ 6ಕ್ಕೆ. ಐಡಾ ವೋರ್ಮ್ಸ್‌ನಲ್ಲಿ, 1849ರ ಫೆಬ್ರವರಿ 6ಕ್ಕೆ. ತಾರೀಖು ಒಂದೇ, ನಡುವೆ ನಾಲ್ಕು ವರ್ಷ. ಇಬ್ಬರ ಮನೆಯವರೂ ಅಮೆರಿಕಕ್ಕೆ ವಲಸೆ ಹೋದರು. 1871ರ ಜುಲೈನಲ್ಲಿ ಮದುವೆ. ಏಳು ಮಕ್ಕಳು ಹುಟ್ಟಿದರು, ಒಂದು ಕೂಸಾಗಿದ್ದಾಗಲೇ ತೀರಿಕೊಂಡಿತು.

ಸ್ಟ್ರೌಸ್ ಕುಟುಂಬದ್ದು ಪಿಂಗಾಣಿ ವ್ಯಾಪಾರ. ನ್ಯೂಯಾರ್ಕಿನ ಮೇಸೀಸ್ ಅನ್ನುವ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ತಟ್ಟೆ, ಬಟ್ಟಲು ಮಾರೋಕೆ ಒಂದಿಷ್ಟು ಜಾಗ ಹಿಡಿದರು. ಅದು 1874ರಲ್ಲಿ. 1896ರ ಹೊತ್ತಿಗೆ ಇಸಿಡೋರ್ ಮತ್ತು ತಮ್ಮ ನೇಥನ್ ಇಡೀ ಅಂಗಡಿಗೇ ಮಾಲೀಕರು. ಇಸಿಡೋರ್ ಸ್ವಲ್ಪ ದಿನ ಅಮೆರಿಕದ ಸಂಸತ್ತಿನಲ್ಲೂ ಇದ್ದರು. ಪೂರ್ವ ಯುರೋಪಿನಿಂದ ಬಂದಿಳಿದ ಬಡ ಯೆಹೂದಿಗಳಿಗೆ ಇಂಗ್ಲಿಷ್, ಕಸುಬು ಕಲಿಸುತ್ತಿದ್ದ ಎಜುಕೇಷನಲ್ ಅಲಯನ್ಸ್‌ಗೆ ಸಾಯುವವರೆಗೂ ಅಧ್ಯಕ್ಷರಾಗಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸ್ಟ್ರೌಸ್ ಕುಟುಂಬ ಇದ್ದದ್ದು ಜಾರ್ಜಿಯಾದಲ್ಲಿ, ಗುಲಾಮಗಿರಿ ಬಿಡೋದಿಲ್ಲ ಅಂತ ಕಾದಾಡಿದ ದಕ್ಷಿಣದಲ್ಲಿ. ಹದಿಹರೆಯದ ಇಸಿಡೋರ್ ಆ ಕಡೆಯ ಕೆಲಸದ ಮೇಲೆಯೇ ಯುರೋಪಿಗೆ ಹೋಗಿದ್ದರು. ಸಂತಾಪದ ಭಾಷಣಗಳಲ್ಲಿ ಇಂಥದ್ದನ್ನು ಯಾರೂ ಎತ್ತೋದಿಲ್ಲ. ಆದರೆ ಒಬ್ಬರನ್ನು ನೆನೆಯೋದು ಅಂದರೆ ಪೂರ್ತಿ ನೆನೆಯಬೇಕು, ಅಲ್ವಾ?

ಮನೆಯ ವಿಷಯಕ್ಕೆ ಬರೋಣ. ವ್ಯಾಪಾರಕ್ಕೆ ಅಂತ ಗಂಡ ಬೇರೆ ಊರಿಗೆ ಹೋದರೆ ದಿನಕ್ಕೊಂದು ಕಾಗದ ಬರುತ್ತಿತ್ತು. ಇತ್ತ ಕಡೆಯಿಂದಲೂ ದಿನಕ್ಕೊಂದು. ಒಂದು ವಾರ ಎರಡು ವಾರದ ಹುರುಪಲ್ಲ, ದೂರ ಇದ್ದಾಗಲೆಲ್ಲ ಇದೇ ಪದ್ಧತಿ. ಆ ಕಾಗದಗಳು ಉಳಿದಿವೆ.

1912ರ ಚಳಿಗಾಲವನ್ನು ಇಬ್ಬರೂ ಫ್ರಾನ್ಸಿನ ದಕ್ಷಿಣದ ಕರಾವಳಿಯಲ್ಲಿ ಕಳೆದರು. ಏಪ್ರಿಲ್ 10ಕ್ಕೆ ಸೌತಾಂಪ್ಟನ್‌ನಲ್ಲಿ ಟೈಟಾನಿಕ್ ಹತ್ತಿದರು. ಅವತ್ತೇ ಐಡಾ ಹಡಗಿನಿಂದ ಗೆಳತಿಗೆ ಒಂದು ಕಾಗದ ಬರೆದರು. ಎಂಥಾ ಹಡಗು, ಎಷ್ಟು ದೊಡ್ಡದು, ಕೋಣೆಗಳು ಎಷ್ಟು ಚೆನ್ನಾಗಿವೆ ಅಂತ ಹೊಗಳಿದರು. ಬಂದರಿನಿಂದ ಹೊರಡುವಾಗಲೇ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆಯೋದು ಸ್ವಲ್ಪದರಲ್ಲಿ ತಪ್ಪಿತು ಅನ್ನೋದನ್ನೂ ಬರೆದರು.

ಏಪ್ರಿಲ್ 14ರ ರಾತ್ರಿ ಹಡಗು ಮಂಜುಗಡ್ಡೆಗೆ ಬಡಿಯಿತು. ಹೆಂಗಸರು, ಮಕ್ಕಳನ್ನು ಮೊದಲು ಹತ್ತಿಸುತ್ತಿದ್ದ ಎಂಟನೇ ನಂಬರಿನ ದೋಣಿಯ ಹತ್ತಿರ ಇಬ್ಬರೂ ಬಂದರು. ವಯಸ್ಸಾದವರು, ನೀವೂ ಹತ್ತಿ, ಯಾರೂ ಬೇಡ ಅನ್ನೋದಿಲ್ಲ ಅಂತ ಪಕ್ಕದಲ್ಲಿದ್ದವರು ಇಸಿಡೋರ್‌ಗೆ ಹೇಳಿದರು. ಅವರಿಗೆ 67. ಬೇರೆ ಗಂಡಸರಿಗಿಂತ ಮೊದಲು ನಾನು ಹೋಗೋದಿಲ್ಲ ಅಂದರು. ಹೆಂಡತಿಗೆ ಮಾತ್ರ ಹೋಗು ಹೋಗು ಅಂತ ಒತ್ತಾಯ ಮಾಡಿದರು. ಇಷ್ಟು ವರ್ಷ ಜೊತೆಗೆ ಬಾಳಿದ್ದೇವೆ, ಸಾಯೋದಾದರೂ ಜೊತೆಗೇ ಅಂದರು ಐಡಾ. ಬದುಕಿ ಬಂದವರು ಆ ಮಾತನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ. ಅರ್ಥ ಮಾತ್ರ ಅದೇ.

ಈ ಕಥೆ ಕೇಳಿದ ಕೂಡಲೇ ಕೆಲವರು ಸಹಗಮನ ಅಂದುಬಿಡ್ತಾರೆ. ನನಗೆ ಅದು ಸರಿ ಕಾಣೋದಿಲ್ಲ. ಇಲ್ಲಿ ಆಕೆಯನ್ನು ಯಾರೂ ತಳ್ಳಲಿಲ್ಲ. ಎದುರಿಗಿದ್ದವರೆಲ್ಲ, ಗಂಡನೂ ಸೇರಿ, ಬದುಕು ಅಂತಲೇ ಹೇಳುತ್ತಿದ್ದರು.

ಐಡಾ ಜೊತೆ ಒಬ್ಬ ಕೆಲಸದ ಹುಡುಗಿ ಇದ್ದಳು. ಹೆಸರು ಎಲೆನ್ ಬರ್ಡ್. ಇಂಗ್ಲೆಂಡಿನವಳು, ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಅವಳನ್ನು ದೋಣಿ ಹತ್ತಿಸಿ, ತಾವು ಹಾಕಿಕೊಂಡಿದ್ದ ತುಪ್ಪಳದ ಕೋಟನ್ನು ಬಿಚ್ಚಿ ಕೊಟ್ಟರು. ನನಗೆ ಇನ್ನು ಇದು ಬೇಕಾಗಿಲ್ಲ ಅಂದರಂತೆ. ಈ ಕೋಟಿನ ವಿಷಯ ಕೊನೆಗೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಸಿನಿಮಾದಲ್ಲಿ ಕೋಣೆಯೊಳಗೆ ಹಾಸಿಗೆ ಮೇಲೆ ಅಪ್ಪಿಕೊಂಡು ಮಲಗಿದ ಮುದಿ ಜೋಡಿಯನ್ನು ನೋಡಿರ್ತೀರಿ. ನಡೆದದ್ದು ಹಾಗಲ್ಲ. ನೋಡಿದವರು ಹೇಳುವ ಪ್ರಕಾರ ಇಬ್ಬರೂ ಕೊನೆಗೆ ಡೆಕ್ ಮೇಲೆ, ಹೊರಗಿನ ಚಳಿಯಲ್ಲೇ ಇದ್ದರು.

ಆಮೇಲೆ ಮೆಕೆ-ಬೆನೆಟ್ ಅನ್ನುವ ಹಡಗು ಹೆಣಗಳನ್ನು ಹುಡುಕೋಕೆ ಹೋಯಿತು. ಸಿಕ್ಕ ಒಂದೊಂದಕ್ಕೂ ಒಂದು ನಂಬರು. 96ನೇ ನಂಬರು ಇಸಿಡೋರ್. ಹಡಗಿನವರು ಬರೆದಿಟ್ಟ ಪಟ್ಟಿ ಈಗಲೂ ಇದೆ. ನರೆತ ಕೂದಲು, ಮೀಸೆ. ಒಳಗೆ ತುಪ್ಪಳ ಇರುವ ಮೇಲಂಗಿ. ಕಂದು ಬೂಟು, ಕಪ್ಪು ರೇಷ್ಮೆ ಕಾಲುಚೀಲ. ಚಿನ್ನದ ಗಡಿಯಾರ, ಬೆಳ್ಳಿಯ ಒಂದು ಫ್ಲಾಸ್ಕು, 40 ಪೌಂಡಿನಷ್ಟು ನೋಟುಗಳು. ಇನ್ನೂ ಕೆಲವು ಸಣ್ಣಪುಟ್ಟ ವಸ್ತು. ಐಡಾ ಸಿಗಲೇ ಇಲ್ಲ.

ಯೆಹೂದಿಗಳಲ್ಲಿ ಸತ್ತವರನ್ನು ಆದಷ್ಟು ಬೇಗ ಮಣ್ಣು ಮಾಡಬೇಕು. ಮಣ್ಣಾದ ಮೇಲೆ ಏಳು ದಿನ ಮನೆಯವರು ನೆಲದ ಮೇಲೆ ಅಥವಾ ತಗ್ಗಿನ ಪೀಠದ ಮೇಲೆ ಕೂರುತ್ತಾರೆ. ಅದಕ್ಕೆ ಶಿವಾ ಅಂತ ಹೆಸರು. ನಮ್ಮ ಶಿವನಿಗೂ ಅದಕ್ಕೂ ಸಂಬಂಧ ಇಲ್ಲ, ಹೀಬ್ರೂ ಭಾಷೆಯಲ್ಲಿ ಏಳು ಅಂತ ಅರ್ಥ. ಆ ಏಳು ದಿನ ಮಣ್ಣು ಮಾಡಿದಲ್ಲಿಂದ ಲೆಕ್ಕ. ಹಾಗಾದರೆ ದೇಹವೇ ಸಿಗದಿದ್ದರೆ? ಅದಕ್ಕೂ ಅವರ ಶಾಸ್ತ್ರದಲ್ಲಿ ಉತ್ತರ ಇದೆ. ಇನ್ನು ಸಿಗೋದಿಲ್ಲ ಅಂತ ಮನೆಯವರು ಆಸೆ ಬಿಟ್ಟ ದಿನದಿಂದ ಲೆಕ್ಕ. ಆಸೆ ಬಿಡುವ ದಿನ ಯಾವುದು ಅಂತ ಮನೆಯವರೇ ಗೊತ್ತು ಮಾಡಬೇಕು. ಅದೆಂಥ ದಿನ ಇರಬಹುದು, ಯೋಚಿಸಿ ನೋಡಿ.

ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಕದ್ದೀಷ್. ಅದರಲ್ಲಿ ಸಾವು ಅನ್ನುವ ಮಾತೇ ಇಲ್ಲ. ಪೂರ್ತಿ ದೇವರ ಸ್ತುತಿ. ಒಬ್ಬರೇ ಕೂತು ಹೇಳುವಂತೆಯೂ ಇಲ್ಲ, ಕನಿಷ್ಠ ಹತ್ತು ಜನ ಸೇರಬೇಕು. ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡಬಾರದು ಅಂತಲೇ ಇರಬೇಕು ಇದು. ವರ್ಷ ವರ್ಷ ತಿಥಿಯ ದಿನ 24 ಗಂಟೆ ಉರಿಯುವ ಒಂದು ಮೇಣದ ದೀಪ ಹಚ್ಚುತ್ತಾರೆ. ಸ್ಟ್ರೌಸ್ ದಂಪತಿ ತೀರಿಕೊಂಡ ತಿಥಿ ಯೆಹೂದಿ ಪಂಚಾಂಗದ ಪ್ರಕಾರ ನಿಸಾನ್ ತಿಂಗಳ 28.

ಊರಿನವರೂ ಸುಮ್ಮನೆ ಕೂರಲಿಲ್ಲ. ಮೇ ತಿಂಗಳಲ್ಲಿ ಕಾರ್ನೆಗಿ ಹಾಲ್‌ನಲ್ಲಿ ದೊಡ್ಡ ಸಭೆ ಆಯಿತು. ಆ ಹಾಲ್ ಕಟ್ಟಿಸಿದ ಶ್ರೀಮಂತ ಆಂಡ್ರ್ಯೂ ಕಾರ್ನೆಗಿಯವರೇ ಬಂದು ಮಾತಾಡಿದರು. ಪೂರ್ವ ಯುರೋಪಿನ ಯೆಹೂದಿಗಳ ಯಿದ್ದಿಷ್ ಭಾಷೆಯಲ್ಲಿ ಐಡಾ ಬಗ್ಗೆ ಹಾಡು ಕಟ್ಟಿ ಅಚ್ಚು ಹಾಕಿಸಿ ಮಾರಿದರು. ಮೇಸೀಸ್ ಅಂಗಡಿಯ ಕೆಲಸಗಾರರು ತಾವೇ ದುಡ್ಡು ಹಾಕಿ ಒಂದು ಫಲಕ ಮಾಡಿಸಿದರು. ದುಃಖದಲ್ಲಿರುವ ಕೆಲಸಗಾರರು ತಾವಾಗಿಯೇ ಕೊಟ್ಟ ಕಾಣಿಕೆ ಇದು ಅಂತ ಅದರಲ್ಲೇ ಬರೆಸಿದರು. ಯಜಮಾನರು ಹೇಳಿ ಮಾಡಿಸಿದ್ದಲ್ಲ ಅಂತ ಸ್ಪಷ್ಟ ಮಾಡಬೇಕು ಅಂತ ಅವರಿಗೆ ಅನ್ನಿಸಿತ್ತಲ್ಲ, ಅದು ನನಗೆ ಇಷ್ಟ.

ಮ್ಯಾನ್‌ಹ್ಯಾಟನ್‌ನಲ್ಲಿ ಅವರ ಮನೆ ಇದ್ದ ಬೀದಿಯ ಹತ್ತಿರ, ಬ್ರಾಡ್‌ವೇ ಮತ್ತು 106ನೇ ಬೀದಿ ಸೇರುವಲ್ಲಿ, ಒಂದು ಮೂರು ಮೂಲೆಯ ಪುಟ್ಟ ಪಾರ್ಕು ಇದೆ. ಅದಕ್ಕೆ ಸ್ಟ್ರೌಸ್ ಪಾರ್ಕ್ ಅಂತ ಹೆಸರಿಟ್ಟರು. 1915ರ ಏಪ್ರಿಲ್ 15ಕ್ಕೆ, ಹಡಗು ಮುಳುಗಿ ಸರಿಯಾಗಿ ಮೂರು ವರ್ಷಕ್ಕೆ, ಅಲ್ಲಿ ಒಂದು ಪ್ರತಿಮೆ ನಿಲ್ಲಿಸಿದರು. ಒರಗಿಕೊಂಡ ಒಬ್ಬ ಹೆಂಗಸು, ಕೆಳಗಿನ ಕೊಳದ ನೀರನ್ನೇ ನೋಡುತ್ತಿದ್ದಾಳೆ. ಈಗ ಆ ಕೊಳದಲ್ಲಿ ನೀರಿಲ್ಲ, ಮಣ್ಣು ತುಂಬಿ ಹೂವಿನ ಗಿಡ ಹಾಕಿದ್ದಾರೆ. ಅವಳು ಮಾತ್ರ ಹಾಗೇ ನೋಡುತ್ತಿದ್ದಾಳೆ. ಅಲ್ಲಿ ಕೆತ್ತಿರುವ ಸಾಲು ಬೈಬಲ್ಲಿನದು: ಬದುಕಿನಲ್ಲಿ ಪ್ರಿಯರಾಗಿದ್ದರು, ಸಾವಿನಲ್ಲೂ ಅಗಲಲಿಲ್ಲ. ತಮಾಷೆ ಅಂದರೆ ಬೈಬಲ್ಲಿನ ರಾಜ ದಾವೀದ ಇದನ್ನು ಹಾಡಿದ್ದು ಗಂಡ ಹೆಂಡತಿಗಲ್ಲ, ಯುದ್ಧದಲ್ಲಿ ಸತ್ತ ಅಪ್ಪ ಮಗನಿಗೆ. ಇರಲಿ, ಸಾಲು ಇವರಿಗೂ ಹೊಂದುತ್ತೆ.

ಇಸಿಡೋರ್‌ರನ್ನು ಮೊದಲು ಮಣ್ಣು ಮಾಡಿದ್ದು ಬ್ರೂಕ್ಲಿನ್‌ನಲ್ಲಿ. 1928ರಲ್ಲಿ ಅಲ್ಲಿಂದ ವುಡ್‌ಲಾನ್‌ಗೆ ತಂದರು. ಆಗಲೇ ಆ ಕಲ್ಲಿನ ದೋಣಿ, ಆ ಕುಡಿಕೆ ನೀರು. ಮೇಲೆ ಬೈಬಲ್ಲಿನ ಪರಮಗೀತೆಯ ಒಂದು ಸಾಲು: ಎಷ್ಟು ನೀರೂ ಪ್ರೀತಿಯನ್ನು ಆರಿಸಲಾರದು, ಪ್ರವಾಹವೂ ಅದನ್ನು ಮುಳುಗಿಸಲಾರದು.

ಇನ್ನು ಆ ಕೋಟು. ಎಲೆನ್ ಬರ್ಡ್ ಬದುಕಿ ನ್ಯೂಯಾರ್ಕ್ ತಲುಪಿದಳು. ಒಂದು ದಿನ ಕೋಟು ತೆಗೆದುಕೊಂಡು ಐಡಾ ಅವರ ದೊಡ್ಡ ಮಗಳು ಸಾರಾ ಹತ್ತಿರ ಹೋದಳು. ಇದು ನಿಮ್ಮ ಅಮ್ಮನದು, ನಿಮಗೇ ಸೇರಬೇಕು ಅಂದಳು. ಅಮ್ಮನದು ಅಂತ ಕೈಗೆ ಸಿಗುವ ವಸ್ತು ಅದು. ದೇಹವಂತೂ ಸಿಕ್ಕಿರಲಿಲ್ಲ. ಸಾರಾ ತೆಗೆದುಕೊಳ್ಳಲಿಲ್ಲ. ಅಮ್ಮ ಅದನ್ನು ನಿನಗೆ ಕೊಟ್ಟಿದ್ದು, ನೀನೇ ಇಟ್ಟುಕೋ ಅಂದಳು.

ನಮಸ್ಕಾರ.